ಒಳಹೊಲಿಗೆಯ ಮುನಿರಾಜಣ್ಣ

ಮುನಿರಾಜಣ್ಣನ ಕೈಗೆ ಏನೇ ಕೊಡಿ, ಮೊದಲು ಅದರ ಒಳಮೈಯನ್ನು ಹೊರಗೆ ಮಾಡುತ್ತಿದ್ದರು. ಸ್ಕೂಟರ್ ಸೀಟಿನ ಕವರ್, ಸ್ಕೂಲ್ ಬ್ಯಾಗು, ಮಳೆಕೋಟು, ಸೋಫಾದ ದಿಂಬು, ಯಾವುದಾದರೂ ಸರಿ. ಅಂಗಿ ಕಳಚುವ ಮಗುವಿನ ಹಾಗೆ ಒಂದೇ ಎಳೆತಕ್ಕೆ ಅದನ್ನು ತಿರುಗಿಸಿ, ಒಳಗಿನ ಹೊಲಿಗೆಯ ಮೇಲೆ ಹೆಬ್ಬೆರಳು ಓಡಿಸಿ, ಆಮೇಲೇ ಕೊಟ್ಟವರ ಮುಖ ನೋಡುವುದು. ಒಮ್ಮೆ ನಿವೃತ್ತ ಬ್ಯಾಂಕ್ ಮ್ಯಾನೇಜರೊಬ್ಬರು ಮಗ ಕೊಡಿಸಿದ ಚರ್ಮದ ಕೈಚೀಲವನ್ನು ಸುಮ್ಮನೆ ತೋರಿಸಲೆಂದು ಕೊಟ್ಟರು. ಇವರು ಅದರೊಳಗಿನ ಕನ್ನಡಕ, ಮಾತ್ರೆ, ಬಾಚಣಿಗೆಯನ್ನೆಲ್ಲ ಮೇಜಿನ ಮೇಲೆ ಸುರಿದು, ಚೀಲವನ್ನು ತಿರುಗಿಸಿ ನೋಡಿ, "ಹೊರಗಡೆ ಮದುವೆ ಗಂಡು, ಒಳಗಡೆ ಹರಕು ಬನಿಯನ್ನು ಸಾರ್" ಎಂದು ವಾಪಸು ಕೊಟ್ಟರು. ಮ್ಯಾನೇಜರು ಆರು ತಿಂಗಳು ಆ ಕಡೆ ತಲೆ ಹಾಕಲಿಲ್ಲ. ಏಳನೆಯ ತಿಂಗಳು ಅದೇ ಚೀಲದ ಕಿವಿ ಕಿತ್ತುಕೊಂಡು ಬಂದರು.

ಬನಶಂಕರಿ ಬಸ್ ನಿಲ್ದಾಣದ ಹಿಂದಿನ ಅಡ್ಡರಸ್ತೆಯಲ್ಲಿ, ಒಂದು ಕಟ್ಟಡದ ಮೆಟ್ಟಿಲ ಕೆಳಗೆ ಅವರ ಅಂಗಡಿ. ಒಂದು ಭಾರದ ಹೊಲಿಗೆ ಮೆಷಿನ್ನು, ರೆಕ್ಸಿನ್ ಸುರುಳಿಗಳು, ಅಂಟಿನ ವಾಸನೆ, ಗೋಡೆಯಲ್ಲಿ ಸಾಲಾಗಿ ಮೊಳೆ. ರಿಪೇರಿಗೆ ಬಂದದ್ದೆಲ್ಲ ಮೊಳೆಗೆ. ಯಾರ ಹೆಸರನ್ನೂ ಬರೆದುಕೊಳ್ಳುತ್ತಿರಲಿಲ್ಲ, ಚೀಟಿ ಕೊಡುತ್ತಿರಲಿಲ್ಲ. "ಸಾಮಾನು ನೋಡಿದ್ರೆ ಆಳು ನೆಪ್ಪಾಯ್ತಾನೆ, ಆಳು ನೋಡಿದ್ರೆ ಯಾವನೂ ನೆಪ್ಪಾಗಲ್ಲ" ಎನ್ನುತ್ತಿದ್ದರು. ಯೋಚನೆಗೆ ಬಿದ್ದಾಗ ದಾರದ ತುದಿಯನ್ನು ಬಾಯಿಯ ಒಂದು ಮೂಲೆಯಲ್ಲಿ ಕಚ್ಚಿಕೊಂಡು ಇನ್ನೊಂದು ಮೂಲೆಯಿಂದ ಮಾತಾಡುತ್ತಿದ್ದರು.

ನಾನು ಅವರನ್ನು ಮೊದಲು ಕಂಡದ್ದು ನನ್ನ ಬಸ್ಸು ತಪ್ಪಿದ ದಿನ. ಅವರನ್ನು ಕಂಡದ್ದರಿಂದಲೇ ತಪ್ಪಿತು ಎಂದರೂ ಸುಳ್ಳಲ್ಲ. ಹದಿಮೂರು ವರ್ಷ ಒಂದೇ ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಪಾಠ ಮಾಡಿದ್ದೆ. ಹದಿನಾಲ್ಕನೆಯ ವರ್ಷ ಅದೇ ಪಾಠವನ್ನು, ಅದೇ ಹಲಗೆಯ ಮುಂದೆ, ಅದೇ ಜೋಕಿನಿಂದ ಶುರು ಮಾಡಲು ಹೋದಾಗ ಜೋಕು ಬಾಯಿಂದ ಹೊರಡಲೇ ಇಲ್ಲ. ಆ ವಾರವೇ ಒಂದು ವರ್ಷದ ಸಂಬಳವಿಲ್ಲದ ರಜೆಗೆ ಅರ್ಜಿ ಹಾಕಿದೆ. ಜಯನಗರದ ಮನೆಯಲ್ಲಿ ಅಮ್ಮ, "ವರ್ಷಾನುಗಟ್ಟಲೆ ರಜಾ ಅಂದ್ರೆ ಏನೇ? ಬಾಣಂತಿಗೂ ಅಷ್ಟು ಕೊಡಲ್ವಲ್ಲೇ!" ಎಂದಳು. ಊರು ಸುತ್ತುತ್ತೇನೆ, ಬಂಡೆ ಹತ್ತುತ್ತೇನೆ, ಸಮುದ್ರದಲ್ಲಿ ಮುಳುಗುತ್ತೇನೆ, ಆಕಾಶದಲ್ಲಿ ಹಾರುತ್ತೇನೆ ಎಂದು ಪಟ್ಟಿ ಒಪ್ಪಿಸಿದೆ. ಅಮ್ಮ ಪೂರ್ತಿ ಕೇಳಿಸಿಕೊಂಡು, "ಕೂತ ಕಡೆ ಕೂರೋದೊಂದು ಬಿಟ್ಟು ಎಲ್ಲಾ ಮಾಡು" ಎಂದು ಅಡುಗೆಮನೆಗೆ ಹೋದಳು. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು ಎಂದು ನೆಂಟರಿಷ್ಟರಲ್ಲಿ ನನಗೆ ಮೊದಲಿನಿಂದಲೂ ಹೆಸರು.

ಮೊದಲ ಪ್ರವಾಸ ದಾಂಡೇಲಿಗೆ, ಕಾಳಿ ನದಿಯ ರಭಸದಲ್ಲಿ ರಬ್ಬರ್ ದೋಣಿ ನಡೆಸಲು. ಶಿಬಿರದವರ ಬಸ್ಸು ಬನಶಂಕರಿಯಿಂದ ಹೊರಡಲು ನಲವತ್ತು ನಿಮಿಷ ಇತ್ತು. ಆಗ ನನ್ನ ಹೊಸ ಬೆನ್ನುಚೀಲದ ಪಟ್ಟಿ ನಡುರಸ್ತೆಯಲ್ಲಿ ಕಿತ್ತಿತು. ಯಾರೋ ಮೆಟ್ಟಿಲ ಕೆಳಗಿನ ಅಂಗಡಿ ತೋರಿಸಿದರು.

"ಅಣ್ಣಾ, ಬೇಗ ಒಂದು ಹೊಲಿಗೆ ಹಾಕಿಕೊಡಿ, ಬಸ್ಸಿದೆ."

"ಬೇಗ ಹಾಕಿದ ಹೊಲ್ಗೆ ಬೇಗ್ನೆ ಬಿಚ್ಕೊಳ್ತದೆ. ಹೆಂಗೆ ಬೇಕು?"

ಉತ್ತರಕ್ಕೆ ಕಾಯದೆ ನನ್ನ ಚೀಲವನ್ನು ನೆಲದ ಮೇಲಿನ ಹಳೇ ಪೇಪರಿಗೆ ಸುರಿದರು. ಒಳಬಟ್ಟೆಯಿಂದ ಹಿಡಿದು ಹೆಲ್ಮೆಟ್ಟಿನವರೆಗೆ ಎಲ್ಲವೂ ಬೀದಿ ಪಾಲಾಯಿತು. ಸೀಟು ಹೊಲಿಸಲು ಬಂದಿದ್ದ ಇಬ್ಬರು ಗಿರಾಕಿಗಳು ಮರ್ಯಾದೆಯಿಂದ ಬೇರೆ ಕಡೆ ತಿರುಗಿದರು.

"ಹೆಲ್ಮೆಟ್ಟು, ಗ್ಲೌಸು... ಗಾರೆ ಕೆಲ್ಸಾನಾ ಅಮ್ಮ?"

"ಅಲ್ಲ, ನದೀಲಿ ದೋಣಿ."

"ನದೀಲಿ ತಲೆ ಮ್ಯಾಲೆ ಏನು ಬೀಳ್ತದೆ?"

"ಬೀಳೋದಲ್ಲ ಅಣ್ಣಾ. ನಾವು ಬಿದ್ರೆ ತಲೆ ಹೋಗಿ ಬಂಡೆಗೆ ಹೊಡಿಯುತ್ತೆ."

ಆಗ ತಲೆಯೆತ್ತಿ ನನ್ನನ್ನು ಮೊದಲ ಸಲ ನೋಡಿದರು. ಮುಗಿಸಿದ್ದ ಹೊಲಿಗೆಯ ಪಕ್ಕದಲ್ಲಿ ಇನ್ನೊಂದು ಸಾಲು ಹಾಕಿದರು. ಆಮೇಲೆ ಇನ್ನೊಂದು. ನಾನು ಗಡಿಯಾರ ನೋಡುತ್ತ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಕುಣಿಯುತ್ತಿದ್ದೆ. ಓಡಿ ನಿಲ್ದಾಣಕ್ಕೆ ಹೋಗುವಷ್ಟರಲ್ಲಿ ಬಸ್ಸು ಹೋಗಿತ್ತು. ಸಿಟ್ಟಿನಲ್ಲಿ ವಾಪಸು ಬಂದು ಅವರ ಮುಂದೆಯೇ ಚೀಲ ಇಳಿಸಿ ಕೂತೆ. ಕಾಫಿ ತರಿಸಿಕೊಟ್ಟರು. ದಾಂಡೇಲಿಯ ರಾತ್ರಿ ಬಸ್ಸು ಹಿಡಿಯಲು ಹೊರಡುವಾಗ, "ಮತ್ತೆ ಯಾವಾಗ ಬರ್ತೀಯಾ?" ಎಂದು ಏನೂ ಆಗದವರ ಹಾಗೆ ಕೇಳಿದರು.

"ಹರಿದಾಗ ಬರ್ತೀನಿ" ಎಂದೆ ಮುಖ ಗಂಟು ಹಾಕಿಕೊಂಡು.

ಅವರಿಗೆ ಆ ಮಾತು ಬಹಳ ಹಿಡಿಸಿಬಿಟ್ಟಿತು. ಅವತ್ತಿನಿಂದ ಪ್ರತಿ ಸಲವೂ ಅದೇ ಪ್ರಶ್ನೆ, ಅದೇ ಉತ್ತರ. ನಾನು ಟೀಚರ್ ಎಂದು ತಿಳಿದ ಮೇಲೆ ಹೆಸರು ಕೇಳುವ ಗೋಜಿಗೂ ಹೋಗದೆ "ಟೀಚರಮ್ಮ" ಎಂದು ಕರೆಯತೊಡಗಿದರು.

ಆ ವರ್ಷ ನಾನು ಅಲೆದದ್ದಕ್ಕೆ ಲೆಕ್ಕವಿಲ್ಲ. ಎಲ್ಲಿಗೆ ಹೋದರೂ ನಾಲ್ಕು ದಿನ ಸ್ವರ್ಗ, ಐದನೆಯ ದಿನ ಅಂಗಾಲು ತುರಿಸುವುದು. ದಾಂಡೇಲಿಯಿಂದ ಬಂದ ವಾರವೇ ರಾಮನಗರದ ಬಂಡೆಗಳು, ಅಲ್ಲಿಂದ ಹಿಮಾಚಲದಲ್ಲಿ ಪ್ಯಾರಾಗ್ಲೈಡಿಂಗು, ಮಧ್ಯದಲ್ಲಿ ಹಿಮದ ಮೇಲೆ ಜಾರುವುದನ್ನು ಕಲಿಯಲು ಹೋಗಿ ಮೂರು ದಿನ ಬರೀ ಬೀಳುವುದನ್ನು ಕಲಿತದ್ದು. ಪ್ರತಿ ಸಲ ಬೆಂಗಳೂರಿಗೆ ಬಂದು ಅಮ್ಮನ ಕೈಯಲ್ಲಿ ಬೈಸಿಕೊಂಡು, ಹರಿದದ್ದನ್ನು ಹಿಡಿದು ಮೆಟ್ಟಿಲ ಕೆಳಗೆ ಹೋಗುತ್ತಿದ್ದೆ. ನಾನು ಬಾಯಿ ತೆರೆಯುವ ಮೊದಲೇ ಅವರು ಹರಿದ ಜಾಗ ನೋಡಿ ಕಥೆ ಹೇಳುತ್ತಿದ್ದರು. "ಈ ಸಲ ಕುಂಡಿ ಮ್ಯಾಲೆ ಜಾರ್‍ಕೊಂಡು ಬಂದಿದ್ದೀಯ." "ಇದು ಕಲ್ಲಲ್ಲ, ಮುಳ್ಳು." ಒಮ್ಮೆ ಜಾಕೆಟ್ಟಿನ ತೋಳನ್ನು ಬಹಳ ಹೊತ್ತು ನೋಡಿ, "ಯಾರೋ ಹಿಡ್ದು ಎಳ್ದವ್ರೆ. ಒಳ್ಳೆದಕ್ಕೆ ಎಳ್ದವ್ರೆ ತಾನೇ?" ಎಂದು ಕೇಳಿದರು. ಹೌದು, ಒಳ್ಳೆಯದಕ್ಕೇ. ಕಡಿದಾದ ಅಂಚಿನಲ್ಲಿ ಜಾರಿದವಳನ್ನು ಒಬ್ಬಾಕೆ ತೋಳು ಹಿಡಿದು ಎಳೆದುಕೊಂಡಿದ್ದಳು. ಅದನ್ನು ಅಮ್ಮನಿಗೂ ಹೇಳಿರಲಿಲ್ಲ. ಅವರಿಗೆ ಹೇಳಿದೆ.

ಹಾರಿದ ಕಥೆ ಹೇಳಿದಾಗ ಮಾತ್ರ ಅವರಿಗೆ ಸಿಟ್ಟು ಬಂತು.

"ಹಾರಬೇಕಾರೆ ಎಲ್ಲಿ ಕೂತಿರ್ತೀಯ?"

"ಒಂದು ಸೀಟಿರುತ್ತೆ ಅಣ್ಣಾ. ಪಟ್ಟಿಗಳಲ್ಲಿ ನೇತಾಡ್ತಿರುತ್ತೆ."

"ಪಟ್ಟಿಗೆ ಎಷ್ಟು ಸಾಲು ಹೊಲ್ಗೆ?"

"ಅದನ್ನ ಯಾರು ನೋಡ್ತಾರೆ?"

"ಜೀವ ಕೂರಿಸ್ತೀಯ, ಸಾಲು ನೋಡಲ್ವಾ! ಮಕ್ಕಳಿಗೆ ಏನು ಪಾಠ ಹೇಳ್ಕೊಡ್ತೀಯಮ್ಮ ನೀನು?"

ಅವರದು ಉತ್ತರಹಳ್ಳಿಯ ಹಳೇ ಮನೆತನ. ರಾಗಿ, ಕನಕಾಂಬರ ಬೆಳೆಯುತ್ತಿದ್ದ ಜಮೀನಿನಲ್ಲಿ ಅಣ್ಣತಮ್ಮಂದಿರು ಕಟ್ಟಡ ಎಬ್ಬಿಸಿದ್ದರು. ಇವರದೂ ಒಂದಿತ್ತು, ಮೂರು ಮಹಡಿ. ಮೇಲೆ ಮಗಳು ಅಳಿಯ, ಕೆಳಗೆ ಬಾಡಿಗೆಯವರು. ಹೆಂಡತಿ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಆರಾಮಾಗಿ ಮನೆಯಲ್ಲಿ ಇರಬಹುದಲ್ಲ ಎಂದರೆ, "ಬಾಡ್ಗೆ ಬರೋಕೆ ಕೈ ಬ್ಯಾಡ ಕಣಮ್ಮ. ಕೈ ಸುಮ್ನೆ ಕೂರಲ್ಲ" ಎನ್ನುತ್ತಿದ್ದರು. ಆದರೆ ಆ ಕೈ ಒಂದೇ ಸ್ಟೂಲಿನ ಮೇಲೆ ಮೂವತ್ತು ವರ್ಷ ಕೂತಿತ್ತು. ತಿರುಪತಿ ನೋಡಿದ್ದರು, ಧರ್ಮಸ್ಥಳ ನೋಡಿದ್ದರು. ಸಮುದ್ರ ನೋಡಿರಲಿಲ್ಲ. ನನಗೆ ಅದು ನಂಬಲಾಗದ ಸಂಗತಿ. ಇಷ್ಟು ವರ್ಷ ಕೂತ ಕಡೆ ಹೇಗೆ ಕೂತಿರಿ ಎಂದು ಕೇಳಿದರೆ, ಇಷ್ಟು ಊರಲ್ಲಿ ಹೇಗೆ ನಿದ್ದೆ ಮಾಡಿದೆ ಎಂದು ನನ್ನನ್ನೇ ಕೇಳುತ್ತಿದ್ದರು.

ಬಂಡೆ ಹತ್ತುವ ಗೆಳೆಯರಿಗೆಲ್ಲ ನಾನೇ ಅವರ ಅಂಗಡಿ ತೋರಿಸಿದೆ. ಹರಿದ ಟೆಂಟು, ಬೂಟಿನ ಪಟ್ಟಿ, ಹಗ್ಗದ ಚೀಲ ಎಲ್ಲವೂ ಬರತೊಡಗಿದವು. ಒಂದು ದಿನ ಹೋಗಿ ನೋಡಿದರೆ ಮೆಟ್ಟಿಲಿಗೆ ಹೊಸ ಬೋರ್ಡು. ಹಳದಿ ಮೇಲೆ ಕೆಂಪು ಅಕ್ಷರ: "ಇಲ್ಲಿ ಎಲ್ಲಾ ತರಹದ ಸಾಹಸ ಸಾಮಾನು ಹೊಲಿದು ಕೊಡಲಾಗುವುದು." ಅದರ ಕೆಳಗೆ ಮುನಿರಾಜಣ್ಣ ನಾಚಿಕೊಂಡು ನಿಂತಿದ್ದರು. ನನಗೂ ಹೆಮ್ಮೆಯಾಯಿತು, ಬೋರ್ಡು ನನ್ನದೇ ಎನ್ನುವ ಹಾಗೆ.

ಎಡವಟ್ಟಾದದ್ದು ಹಾರ್ನೆಸ್ಸಿನಲ್ಲಿ. ಬಂಡೆ ಹತ್ತುವವರು ಸೊಂಟಕ್ಕೂ ತೊಡೆಗೂ ಕಟ್ಟಿಕೊಳ್ಳುವ ಪಟ್ಟಿ ಅದು. ಹಗ್ಗ ಬಿಗಿಯುವುದು ಅದಕ್ಕೆ. ಕೈ ಜಾರಿದರೆ ಇಡೀ ಮೈಯನ್ನು ತಡೆದು ನಿಲ್ಲಿಸುವುದು ಅದೇ. ನಮಗೆ ಹತ್ತಲು ಕಲಿಸುತ್ತಿದ್ದ ಶೈಲಜಾ ಮೊದಲ ದಿನವೇ ಹೇಳಿದ್ದಳು: ಹಾರ್ನೆಸ್ ಹಾಳಾದರೆ ಎಸೆಯಿರಿ, ಯಾರ ಕೈಯಲ್ಲೂ ಹೊಲಿಸಬೇಡಿ. ನನ್ನ ಹಾರ್ನೆಸ್ಸಿನಲ್ಲಿ ಹರಿದದ್ದು ತೊಡೆಯ ಹತ್ತಿರದ ಮೆತ್ತೆಯ ಬಟ್ಟೆ ಅಷ್ಟೆ. ಬಟ್ಟೆ ಹೊಲಿಸಿದರೆ ತಪ್ಪೇನು ಎಂದು ಅವರ ಕೈಗೆ ಕೊಟ್ಟೆ. ಕೊಡುವಾಗ ಜಂಬಕ್ಕೆ ಒಂದು ಮಾತು ಸೇರಿಸಿದೆ: "ನನ್ನ ಜೀವ ಇದರ ಮೇಲೇ ನಿಂತಿರೋದು ಅಣ್ಣಾ, ಹುಷಾರು."

ಎರಡು ದಿನ ಬಿಟ್ಟು ಹೋದೆ. ಮಾರನೆಯ ಬೆಳಿಗ್ಗೆಯೇ ರಾಮನಗರಕ್ಕೆ ಹೊರಡುವ ಗಡಿಬಿಡಿ. ಮೊಳೆಯಿಂದ ತೆಗೆದು ಕೊಟ್ಟರು, ತೆಗೆದುಕೊಂಡು ಓಡಿದೆ. ಪಕ್ಕದ ಮೊಳೆಯಲ್ಲಿ ಬೇರೆ ಯಾರದೋ ನೀಲಿ ಹಾರ್ನೆಸ್ ನೇತಾಡುತ್ತಿದ್ದದ್ದನ್ನು ಕಂಡೆ. ಆ ಮನುಷ್ಯ ಕಲಿಸಿದ್ದು ಒಂದೇ ಒಂದು ಪಾಠ, ತಿರುಗಿಸಿ ನೋಡು ಅಂತ. ಅದನ್ನೂ ಮಾಡಲಿಲ್ಲ.

ಬಂಡೆಯ ಬುಡದಲ್ಲಿ ಶೈಲಜಾ ಒಬ್ಬೊಬ್ಬರದೇ ಪಟ್ಟಿ ಮುಟ್ಟಿ ನೋಡುತ್ತ ಬಂದಳು. ನನ್ನ ಹತ್ತಿರ ನಿಂತವಳು ಮುಂದಕ್ಕೆ ಹೋಗಲಿಲ್ಲ.

"ಬಿಚ್ಚಿ."

"ಏನಾಯ್ತು?"

"ಮೊದ್ಲು ಬಿಚ್ಚಿ ಮೇಡಂ."

ಸೊಂಟದ ಮುಖ್ಯ ಪಟ್ಟಿಯ ಮೇಲೆ, ಅಡ್ಡಕ್ಕೆ, ಐದು ಸಾಲು ಹೊಸ ಹೊಲಿಗೆ. ಒತ್ತೊತ್ತಾಗಿ, ಅಳತೆಪಟ್ಟಿ ಇಟ್ಟು ಎಳೆದಷ್ಟು ನೇರವಾಗಿ. ಅಷ್ಟು ಚಂದದ ಹೊಲಿಗೆ ನಾನು ಕಂಡಿಲ್ಲ. ಶೈಲಜಾ ಪಟ್ಟಿಯನ್ನು ಬೆರಳ ಮೇಲೆ ಮಡಿಸಿದಳು. ರೆಕ್ಸಿನ್ ಹೊಲಿಯುವ ದಪ್ಪ ಸೂಜಿ ಹೋದಲ್ಲೆಲ್ಲ ಒಳಗಿನ ಎಳೆ ಕತ್ತರಿಸಿ, ತೂತಿನ ಸಾಲು ಬಾಯಿ ಬಿಟ್ಟಿತು. "ಅಂಚೆ ಚೀಟಿ ಹರಿಯೋಕೆ ತೂತು ಮಾಡಿರ್ತಾರಲ್ಲ, ಹಾಗಾಗಿದೆ ಇದು" ಎಂದಳು. ಚೀಲದಿಂದ ಕತ್ತರಿ ತೆಗೆದು ಎಲ್ಲರ ಮುಂದೆ ಅದನ್ನು ಎರಡು ತುಂಡು ಮಾಡಿ ನನ್ನ ಕೈಗಿಟ್ಟಳು. ಅವತ್ತು ಬೇರೆಯವರು ಹತ್ತಿದರು. ನಾನು ಕೆಳಗೆ ಕೂತು ನೀರಿನ ಬಾಟಲಿ ಕಾದೆ.

ಹೋಗಿ ಹೇಳಬೇಕಾಗಿತ್ತು. ಅವತ್ತೇ ಹೇಳಬೇಕಾಗಿತ್ತು. ನಾನು ಏನು ಮಾಡಿದೆ? ಮುರುಡೇಶ್ವರಕ್ಕೆ ಹೊರಟೆ, ಸಮುದ್ರದೊಳಗೆ ಮುಳುಗಲು. ಹೇಡಿತನ ಮಾಡಬೇಕಾದಾಗ ನನ್ನ ಕೈಯಲ್ಲಿ ಯಾವಾಗಲೂ ಒಂದು ಟಿಕೆಟ್ಟು ಸಿದ್ಧವಾಗಿರುತ್ತದೆ. ಹಳದಿ ಬೋರ್ಡಿನ ಕೆಳಗೆ ನಾಚಿಕೊಂಡು ನಿಂತ ಮನುಷ್ಯನ ಮುಂದೆ ಆ ಎರಡು ತುಂಡು ಹಿಡಿಯುವ ಧೈರ್ಯ ನನಗಿರಲಿಲ್ಲ. ಇಪ್ಪತ್ತು ಅಡಿ ಬಂಡೆಯಿಂದ ಕೈ ಬಿಡುವುದು ಅದಕ್ಕಿಂತ ಸುಲಭ.

ದೋಣಿ ದಡ ಬಿಟ್ಟು ಎಷ್ಟೋ ದೂರ ಹೋಗಿತ್ತು. ಮುಳುಗಿಸುವವನು ನನ್ನ ಬೆನ್ನಿನ ಸಿಲಿಂಡರಿನ ಪಟ್ಟಿಯನ್ನು ಎಳೆದೆಳೆದು ನೋಡುತ್ತಿದ್ದ. ಆಗ ಮೊಳೆಯಲ್ಲಿ ನೇತಾಡುತ್ತಿದ್ದ ನೀಲಿ ಹಾರ್ನೆಸ್ ನೆನಪಾಯಿತು. ನನ್ನದಕ್ಕೆ ಐದು ಸಾಲು ಹಾಕಿದವರು ಅದಕ್ಕೆ ಹಾಕದೆ ಬಿಟ್ಟಿರುತ್ತಾರೆಯೇ? ನಾನು ನೀರಿಗೆ ಇಳಿಯಲಿಲ್ಲ. "ಹೆದರಿದ್ರಾ ಮೇಡಂ? ಎಲ್ಲರಿಗೂ ಹಂಗೇ ಆಗ್ತದೆ" ಎಂದು ದೋಣಿಯವನು ಸಮಾಧಾನ ಮಾಡಿದ. ಮಾರನೆಯ ಬೆಳಗಿನ ಮೊದಲ ಬಸ್ಸು ಹಿಡಿದೆ. ದಾರಿಯುದ್ದಕ್ಕೂ, ಆ ಹಾರ್ನೆಸ್ಸಿನವನು ಈಗ ಯಾವ ಬಂಡೆಯ ಮೇಲೆ ಎಷ್ಟು ಎತ್ತರದಲ್ಲಿದ್ದಾನೋ ಎನ್ನುವುದೊಂದೇ ಯೋಚನೆ. ಮುನಿರಾಜಣ್ಣನ ಬಳಿ ಮೊಬೈಲು ಇರಲಿಲ್ಲ. ಇದ್ದರೂ ಫೋನಿನಲ್ಲಿ ಹೇಳುವ ಮಾತಲ್ಲ.

ಶುಕ್ರವಾರ ಸಂಜೆ ಮನೆಯಲ್ಲಿ ಚೀಲ ಇಳಿಸಿ, ಸ್ಕೂಟರಿನಲ್ಲಿ ಅಂಗಡಿ ಮುಟ್ಟಿದೆ. ನೀಲಿ ಹಾರ್ನೆಸ್ಸಿನ ಮೊಳೆ ಖಾಲಿಯಿತ್ತು.

"ಏನು ಹರ್‍ಕೊಂಡು ಬಂದೆ ಟೀಚರಮ್ಮ?" ಎಂದು ನಗುತ್ತ ಕೈ ಚಾಚಿದರು. ಎರಡು ತುಂಡುಗಳನ್ನು ಆ ಕೈಗೆ ಇಟ್ಟೆ. ಎಲ್ಲ ಹೇಳಿದೆ.

ಅವರು ನಂಬಲಿಲ್ಲ. ನಂಬುವುದಾದರೂ ಹೇಗೆ? "ಕಂಪನಿಯೋನು ಕಂಜೂಸು ಮಾಡಿ ಒಂದಿಷ್ಟೇ ಹೊಲ್ದಿದ್ದ. ನೀನು ಜೀವ ಅಂದೆ, ನಾನು ಐದು ಸಾಲು ಹಾಕ್ದೆ. ಜಾಸ್ತಿ ಹೊಲಿದ್ರೆ ಗಟ್ಟಿ ಆಯ್ತದೋ, ಸಡ್ಲ ಆಯ್ತದೋ? ನೀನೇ ಹೇಳು." ಜೀವನವಿಡೀ ಅವರು ಪ್ರೀತಿ ತೋರಿಸಿದ್ದೇ ಹಾಗೆ. ಇಷ್ಟವಾದವರಿಗೆ ಒಂದು ಸಾಲು ಜಾಸ್ತಿ.

ಬಾಯಿಯ ಮೂಲೆಯಲ್ಲಿ ದಾರ ಕಚ್ಚಿಕೊಂಡು ಎದ್ದರು. ಬ್ಯಾಗಿಗೆ ಹಾಕುವ ಪಟ್ಟಿಯಲ್ಲಿ ಎರಡು ತುಂಡು ಕತ್ತರಿಸಿದರು. ಒಂದನ್ನು ಹಾಗೇ ಬಿಟ್ಟು, ಇನ್ನೊಂದಕ್ಕೆ ಅಡ್ಡಕ್ಕೆ ಐದು ಸಾಲು ಹೊಲಿದರು. ಎದುರಿನ ತರಕಾರಿ ಗೋಡೌನಿನ ಗೂಡ್ಸ್ ಆಟೋದವನನ್ನು ಕರೆದು, ಹೊಲಿಯದ ಪಟ್ಟಿಯ ಒಂದು ತುದಿಯನ್ನು ಕಬ್ಬಿಣದ ಕಂಬಕ್ಕೂ ಇನ್ನೊಂದನ್ನು ಗಾಡಿಗೂ ಬಿಗಿದು, "ಎಳಿ" ಎಂದರು. ಗಾಡಿ ಗುರುಗುಟ್ಟಿತು, ಪಟ್ಟಿ ತಂತಿಯ ಹಾಗೆ ಬಿಗಿಯಿತು, ತಡೆಯಿತು. ಆಮೇಲೆ ಹೊಲಿದ ಪಟ್ಟಿ. ಗಾಡಿ ಒಂದು ಮಾರು ಮುಂದೆ ಹೋಗುವುದರಲ್ಲಿ ಪಟ್ ಎಂದು ಹರಿಯಿತು. ಅವರ ಹೊಲಿಗೆಯ ಮೇಲೇ ಹರಿದಿತ್ತು, ಮೂರನೆಯ ಸಾಲಿನ ಉದ್ದಕ್ಕೂ.

ಮುನಿರಾಜಣ್ಣ ಆ ತುಂಡನ್ನು ಎತ್ತಿಕೊಂಡು ಬಹಳ ಹೊತ್ತು ನೋಡಿದರು. ತಿರುಗಿಸಲಿಲ್ಲ, ತಿರುಗಿಸಲು ಒಳಗೇನೂ ಉಳಿದಿರಲಿಲ್ಲ. ಆಟೋದವನು "ಅಣ್ಣಾ, ಇನ್ನೊಂದು ಸಲ ಎಳೀಲಾ?" ಎಂದ. ಇವರು ಖಾಲಿ ಮೊಳೆಯ ಕಡೆ ನೋಡಿದರು.

"ನೀಲೀದು ನಿನ್ನೆ ತಗೊಂಡೋದ್ರು. ಅದ್ಕೂ ಹಾಕಿವ್ನಿ."

"ಯಾರು ಅಣ್ಣಾ?"

ಹೆಸರಿಲ್ಲ, ಚೀಟಿಯಿಲ್ಲ. ಕಣ್ಣು ಮುಚ್ಚಿಕೊಂಡರು. ಸಾಮಾನನ್ನು ನೆನೆಸಿಕೊಳ್ಳುತ್ತಿದ್ದರು. "ಲವಂಗದೆಣ್ಣೆ ವಾಸ್ನೆ. ಹಲ್ಲಿನ ಡಾಕ್ಟ್ರು. ಹುಳಿಮಾವು ಕೆರೆ ಹತ್ರ ಅಂದಿದ್ರು. ಭಾನುವಾರ ಬೆಟ್ಟಕ್ಕೆ ಹೋಯ್ತೀನಿ, ಅಷ್ಟರಲ್ಲಿ ಬೇಕು ಅಂದಿದ್ರು."

ಕೆಲಸದ ದಿನ ಅವರು ಹೊತ್ತಿಗೆ ಮುಂಚೆ ಬಾಗಿಲು ಹಾಕಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ನನ್ನ ಸ್ಕೂಟರಿನ ಹಿಂದೆ ಕೂತರು. ಸಾವಿರಾರು ಸೀಟು ಹೊಲಿದ ಮನುಷ್ಯನಿಗೆ ಹಿಂದೆ ಕೂತು ಅಭ್ಯಾಸವೇ ಇಲ್ಲ. ಜೆ.ಪಿ. ನಗರ ದಾಟುವವರೆಗೂ ನನ್ನ ಹೆಗಲನ್ನು ಹಿಂಡಿ ಹಿಡಿದಿದ್ದರು. ಬನ್ನೇರುಘಟ್ಟ ರಸ್ತೆಯಲ್ಲಿ ಗಾಡಿಗಳು ಇರುವೆ ಸಾಲಿನ ಹಾಗೆ ನಿಂತಿದ್ದಾಗ ಕಿವಿಯ ಹತ್ತಿರ ಮೆಲ್ಲಗೆ, "ಈ ಸೀಟು ಯಾವನು ಹೊಲ್ದಿದ್ದು?" ಎಂದರು. ಅಂಥ ಹೊತ್ತಿನಲ್ಲೂ ನನಗೆ ನಗು ಬಂತು.

ಮೊದಲ ಎರಡು ಕ್ಲಿನಿಕ್ಕುಗಳಲ್ಲಿ ನೀಲಿ ಹಾರ್ನೆಸ್ಸಿನವರು ಯಾರೂ ಇರಲಿಲ್ಲ. ಮೂರನೆಯದರಲ್ಲಿ, ಕುರ್ಚಿಯಲ್ಲಿ ಒಬ್ಬ ಹೆಂಗಸು ಬಾಯಿ ತೆರೆದು ಮಲಗಿದ್ದರು. ಅವರ ಮೇಲೆ ಬಾಗಿದ್ದ ಡಾಕ್ಟರು ತಲೆಯೆತ್ತಿ, "ಅರೆ, ಅಂಕಲ್! ಸಖತ್ತಾಗಿ ಹೊಲಿದಿದ್ರಿ. ನಾಡಿದ್ದು ಅದನ್ನೇ ಹಾಕ್ಕೊಳ್ತಿರೋದು" ಎಂದರು. ಮುನಿರಾಜಣ್ಣನ ಕೈಯಲ್ಲಿ ರೆಕ್ಸಿನ್ ಕತ್ತರಿಸುವ ಉದ್ದನೆಯ ಕತ್ತರಿ ಇದ್ದದ್ದು ಆಗ ನನ್ನ ಗಮನಕ್ಕೆ ಬಂತು. ಕುರ್ಚಿಯಲ್ಲಿದ್ದ ಹೆಂಗಸು ಅದನ್ನು ಕಂಡು ಬಾಯಿ ಮುಚ್ಚಿದರು.

"ಡಾಕ್ಟ್ರೇ, ಅದನ್ನ ಕೊಡಿ. ನಾನು ಹಾಳು ಮಾಡ್ಬುಟ್ಟಿವ್ನಿ."

"ಹಾಳಾ? ಏನ್ ಹೇಳ್ತಿದ್ದೀರಾ ಅಂಕಲ್? ಗಟ್ಟಿಯಾಗಿದೆಯಲ್ಲಾ."

"ಕಣ್ಣಿಗೆ ಗಟ್ಟಿ. ನನ್ನ ಬೈರಿ ಸ್ವಾಮಿ, ಎಷ್ಟು ಬೇಕಾರೂ ಬೈರಿ. ಅದನ್ನ ಹಾಕ್ಕೊಂಡು ಮಾತ್ರ ಹತ್‌ಬ್ಯಾಡಿ."

ಡಾಕ್ಟರು ನನ್ನ ಮುಖ ನೋಡಿದರು. ನಾನು ತಲೆಯಾಡಿಸಿದೆ. ಒಳಗಿನಿಂದ ತಂದುಕೊಟ್ಟ ನೀಲಿ ಪಟ್ಟಿಯನ್ನು ಮುನಿರಾಜಣ್ಣ ಬೆರಳ ಮೇಲೆ ಮಡಿಸಿ ಅವರಿಗೆ ತೂತು ತೋರಿಸಿದರು. ಆಮೇಲೆ ತಮ್ಮ ಐದು ಸಾಲಿನ ಮೇಲೆಯೇ ಕತ್ತರಿ ಇಟ್ಟು ಕತ್ತರಿಸಿದರು. ಮೂವತ್ತು ವರ್ಷದಲ್ಲಿ ಸ್ವಂತ ಹೊಲಿಗೆಯನ್ನು ಅವರು ಕತ್ತರಿಸಿದ್ದು ಅದೇ ಮೊದಲು ಎಂದು ಆಮೇಲೆ ಹೇಳಿದರು. ಹೊಸದನ್ನು ತಾವೇ ಕೊಡಿಸುವುದಾಗಿ ಡಾಕ್ಟರಿಗೆ ಮಾತು ಕೊಟ್ಟರು, ಕೊಡಿಸಿದರು ಕೂಡ. ವಾಪಸು ಬರುವಾಗ ನನ್ನ ಹೆಗಲು ಹಿಡಿಯಲೇ ಇಲ್ಲ. ಬೀಳುತ್ತಾರೇನೋ ಎಂದು ನನಗೇ ಭಯವಾಗಿ ಎರಡು ಸಲ ಗಾಡಿ ನಿಲ್ಲಿಸಿ ತಿರುಗಿ ನೋಡಿದೆ.

ಬೋರ್ಡನ್ನು ಅವರೇ ಇಳಿಸಿದರು. ಭಾರ ಹೊರುವಂಥದ್ದೇನಾದರೂ ರಿಪೇರಿಗೆ ಬಂದರೆ ಅದರ ಮೇಲೆ ಸೀಮೆಸುಣ್ಣದಲ್ಲಿ ಒಂದು ಸೊನ್ನೆ ಬರೆದು, "ಇದು ನಂಗೆ ಗೊತ್ತಿಲ್ಲ, ಗೊತ್ತಿರೋರ್‍ಗೆ ತೋರ್ಸಿ" ಎಂದು ಕೈಗೆ ಕೊಡುತ್ತಿದ್ದರು. ಹಾಗೆ ಹೇಳುವಾಗ ಅವರಿಗೆ ಎಷ್ಟು ಕಷ್ಟವಾಗುತ್ತಿತ್ತು ಎನ್ನುವುದು ನನಗೆ ಗೊತ್ತು. ಮೊದಲೇ ಬಂದು ಹೇಳದಿದ್ದದ್ದಕ್ಕೆ ಕ್ಷಮೆ ಕೇಳಿದೆ. "ಬಂದ್ಯಲ್ಲ ಬುಡು" ಎಂದರು ಅಷ್ಟೆ. ನಾನು ಹೊಸ ಹಾರ್ನೆಸ್ ಕೊಂಡಾಗ ತೋರಿಸಲು ತೆಗೆದುಕೊಂಡು ಹೋದೆ. ತಿರುಗಿಸಿದರು, ಹೆಬ್ಬೆರಳು ಓಡಿಸಿದರು, ಎಣಿಸಿದರು. ಸೂಜಿ ಮುಟ್ಟಲಿಲ್ಲ. "ಕಂಜೂಸು ಅಂತ ಬೈದಿದ್ದೆ ನಾನು. ಎಲ್ಲಿ ನಿಲ್ಲಿಸ್‌ಬೇಕು ಅಂತ ತಿಳ್ದೋನು ಹೊಲ್ದವ್ನೆ" ಎಂದು ವಾಪಸು ಕೊಟ್ಟರು.

ಆದರೆ ಅವರು ಮೊದಲಿನ ಹಾಗೆ ಸ್ಟೂಲಿನ ಮೇಲೆ ಕೂರಲಿಲ್ಲ. ಹೊಲಿಯುತ್ತ ಹೊಲಿಯುತ್ತ ಏಳುವರು, ರಸ್ತೆಗೆ ಬಂದು ಬಸ್ಸುಗಳ ಬೋರ್ಡು ಓದುವರು, ಮತ್ತೆ ಒಳಗೆ ಹೋಗುವರು. ಆ ಚಡಪಡಿಕೆಯ ಗುರುತು ನನಗೆ ಚೆನ್ನಾಗಿ ಇತ್ತು. ನನ್ನಿಂದಲೇ ಅಂಟಿತೇನೋ. ಒಂದು ದಿನ ಇದ್ದಕ್ಕಿದ್ದಂತೆ, "ಸಮುದ್ರದಾಗೆ ಮುಳುಗೋಕೆ ವಯಸ್ಸು ನೋಡ್ತಾರಾ?" ಎಂದು ಕೇಳಿದರು. ತಮಾಷೆ ಎಂದುಕೊಂಡೆ.

ನನ್ನ ರಜೆ ಮುಗಿಯಲು ಹತ್ತು ದಿನ ಇತ್ತು. ಅಂಗಡಿಗೆ ಹೋದರೆ ಮೆಷಿನ್ನಿಗೆ ಬಟ್ಟೆ ಹೊದಿಸಿದ್ದರು. ಮೊಳೆಗಳೆಲ್ಲ ಖಾಲಿ. ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಮಡಿಲಲ್ಲಿ ಒಂದು ಬೆನ್ನುಚೀಲ ಇಟ್ಟುಕೊಂಡು ಕೂತಿದ್ದರು. ಹಳೇ ಜೀಪಿನ ಕ್ಯಾನ್ವಾಸಿನಲ್ಲಿ ತಾವೇ ಹೊಲಿದದ್ದು.

"ಒಂದ್ವರ್ಸ ರಜ ಹಾಕಿವ್ನಿ ಟೀಚರಮ್ಮ. ಮೂವತ್ತು ವರ್ಸ ಒಳಗಡೆ ನೋಡಿದ್ದಾಯ್ತು. ಒಸಿ ಹೊರಗಡೇನೂ ನೋಡ್ತೀನಿ."

"ಮಗಳು ಏನಂದ್ಲು?"

"ಬೈದ್ಲು. ನಿಮ್ಮಮ್ಮ ನಿನ್ನ ಬೈಯ್ಯಲ್ವಾ, ಹಂಗೆ."

ಚೀಲವನ್ನು ನನ್ನ ಕಡೆ ಚಾಚಿದರು. "ನೋಡು" ಎಂದರು. ನಾನು ಅದರೊಳಗಿನ ಎರಡು ಪಂಚೆ, ಟವೆಲ್ಲು, ಚಕ್ಕುಲಿಯ ಡಬ್ಬಿಯನ್ನು ಮೇಜಿನ ಮೇಲೆ ಸುರಿದು, ಒಳಮೈ ಹೊರಗೆ ಮಾಡಿ, ಹೆಬ್ಬೆರಳು ಓಡಿಸಿದೆ. ಪಟ್ಟಿ ಕೂಡುವ ಕಡೆ ಎರಡೇ ಸಾಲು. ಎಲ್ಲಿ ಬೇಕೋ ಅಲ್ಲಿ ಶುರುವಾಗಿ, ಎಲ್ಲಿ ಸಾಕೋ ಅಲ್ಲಿ ನಿಂತಿತ್ತು. "ಸರಿಯಾಗಿದೆ ಅಣ್ಣಾ" ಎಂದೆ. ಪರೀಕ್ಷೆ ಪಾಸಾದ ಹುಡುಗನ ಹಾಗೆ ನಕ್ಕರು.

ಮೆಜೆಸ್ಟಿಕ್ಕಿನ ಸಿಟಿ ಬಸ್ಸು ಹತ್ತಿಸಿದೆ. ಅಲ್ಲಿಂದ ಕರಾವಳಿಯ ಬಸ್ಸು, ಆಮೇಲೆ ನೋಡೋಣ ಎಂದಿದ್ದರು. ಕಿಟಕಿಯ ಪಕ್ಕ ಸೀಟು ಸಿಕ್ಕಿತು. ನನ್ನ ಫೋನ್ ನಂಬರು ಬರೆದ ಚೀಟಿಯನ್ನು ಅವರ ಜೇಬಿಗೆ ತುರುಕಿದೆ. ಬಸ್ಸು ಹೊರಡುವಾಗ, ಅಷ್ಟೂ ದಿನ ಅವರು ಕೇಳುತ್ತಿದ್ದದ್ದನ್ನು ನಾನು ಕೇಳಿದೆ.

"ಮತ್ತೆ ಯಾವಾಗ ಬರ್ತೀರಾ ಅಣ್ಣಾ?"

"ಹರಿದಾಗ ಬರ್ತೀನಿ ಕಣಮ್ಮ!"

ಎರಡು ತಿಂಗಳಾದ ಮೇಲೆ ಗುರುತಿಲ್ಲದ ನಂಬರಿನಿಂದ ಒಂದು ಫೋಟೋ ಬಂತು. ನದಿಯ ದಡ, ರಬ್ಬರ್ ದೋಣಿ, ಅದರಲ್ಲಿ ಮುನಿರಾಜಣ್ಣ. ಮೈಮೇಲಿನ ಲೈಫ್ ಜಾಕೆಟ್ಟು ಒಳಮೈ ಹೊರಗಾಗಿತ್ತು. ಆ ನಂಬರಿಗೆ ಫೋನ್ ಮಾಡಿದರೆ ದೋಣಿಯವನು ಎತ್ತಿದ. "ಹೊಲಿಗೆ ನೋಡ್ತೀನಿ ಅಂತ ತಿರುಗಿಸಿದ್ರು ಮೇಡಂ. ನಾನು ಬೈದು ಸರಿ ಮಾಡಿ ಹಾಕಿಸ್ದೆ. ಮೂರು ಸಲ ಹತ್ತಿದ್ರು, ಆಮೇಲೆ ಮುಂದಿನ ಊರಿಗೆ ಹೊರಟ್ರು" ಎಂದ. ಯಾವ ಊರು ಎಂದು ಅವನಿಗೂ ಗೊತ್ತಿರಲಿಲ್ಲ. ಮಗಳಿಗೆ ಆಗೊಮ್ಮೆ ಈಗೊಮ್ಮೆ ಯಾರದೋ ಫೋನಿನಿಂದ "ಚೆನ್ನಾಗಿವ್ನಿ" ಎನ್ನುತ್ತಾರಂತೆ. ಎಲ್ಲಿದ್ದೇನೆ ಎನ್ನುವುದಿಲ್ಲವಂತೆ.

ಅವರ ರಜೆಯ ವರ್ಷ ಕಳೆದು ನಾಲ್ಕು ತಿಂಗಳಾಯಿತು. ನಾನು ಮತ್ತೆ ಪಾಠ ಮಾಡುತ್ತಿದ್ದೇನೆ, ಜೋಕು ಬದಲಾಯಿಸಿದ್ದೇನೆ. ನನ್ನ ಚೀಲದ ಜಿಪ್ಪು ಕಿತ್ತಿದೆ, ಜಾಕೆಟ್ಟಿನ ಬಗಲು ಬಿಟ್ಟಿದೆ. ಬೇರೆಯವರ ಕೈಗೆ ಕೊಡಲು ಮನಸ್ಸಿಲ್ಲ. ಕಾಲೇಜು ಮುಗಿಸಿ ಬರುವಾಗ ಕಾರಣವಿಲ್ಲದೆ ಬನಶಂಕರಿಯಲ್ಲಿ ಇಳಿಯುತ್ತೇನೆ. ಮೆಟ್ಟಿಲ ಕೆಳಗಿನ ಶಟರಿನ ಮುಂದೆ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಾಯಿಸುತ್ತ ನಿಲ್ಲುತ್ತೇನೆ. ಎದುರಿನ ಗೂಡ್ಸ್ ಆಟೋದವನು, "ಬಂದೇ ಬರ್ತಾರೆ ಬಿಡಿ ಮೇಡಂ, ಬ್ಯಾಗು ಹರಿದ್ ತಕ್ಷಣ ಬರ್ತೀನಿ ಅಂದವ್ರೆ" ಎಂದು ಸಮಾಧಾನ ಹೇಳುತ್ತಾನೆ.

ಅವನಿಗೆ ಗೊತ್ತಿಲ್ಲ. ಆ ಚೀಲದ ಒಳಹೊಲಿಗೆಯನ್ನು ನಾನೇ ಕೈಯಾರೆ ಮುಟ್ಟಿ ನೋಡಿದ್ದೇನೆ. ಅದು ಸದ್ಯಕ್ಕೆ ಹರಿಯುವ ಹಾಗಿಲ್ಲ.